ಎರಡು ವಸ್ತು ಸೇರೋ ಜಾಗ: ಸ್ಟುಡಿಯೊದಲ್ಲಿ ಈ ತಿಂಗಳ ಕೆಲಸ

ಎಲ್ಲರಿಗೂ ನಮಸ್ಕಾರ. ನಮ್ಮದು ಬಳಕೆಯ ವಸ್ತುಗಳನ್ನ ವಿನ್ಯಾಸ ಮಾಡೋ ಸ್ಟುಡಿಯೊ. ಈ ಸಲ ಮುಖ್ಯವಾಗಿ ಎರಡು ಕೆಲಸ: ಒಂದು ಲ್ಯಾಂಪಿನ ನಾಬ್, ಒಂದು ತೋಟದ ಡಬ್ಬಿ. ಈಗ ಸ್ಕ್ರೀನ್ ಮೇಲೆ ನೋಡ್ತಿರೋದು ಲೇತ್‌ನಲ್ಲಿ ತಿರುಗ್ತಿರೋ ಹಾಲೆ ಮರದ ತುಂಡು. ಅಡ್ಡಳತೆ 40 ಮಿಲಿಮೀಟರ್. ಚನ್ನಪಟ್ಟಣದಲ್ಲಿ ಗೊಂಬೆ ಮಾಡೋದೂ ಇದೇ ಮರದಲ್ಲಿ. ಅರಗಿನ ಕಡ್ಡಿಯನ್ನ ತಿರುಗೋ ಮರಕ್ಕೆ ಒತ್ತಿ ಹಿಡಿದಾಗ ಆ ಉಜ್ಜಾಟದ ಬಿಸಿಗೇ ಅರಗು ಕರಗಿ ಮೈಗೆ ಹತ್ತುತ್ತೆ. ಮೊದಲು ಗೆರೆಗೆರೆಯಾಗಿ ಕೂರುತ್ತೆ. ಆಮೇಲೆ ಒಣಗಿದ ಕೇದಗೆ ಗರಿ ಒತ್ತಿದರೆ ಗೆರೆಗಳೆಲ್ಲ ಒಂದಾಗಿ ಹರಡಿ ಹೊಳಪು ಬರುತ್ತೆ. ಬ್ರಷ್ ಬೇಡ, ಥಿನ್ನರ್ ಬೇಡ. ಇಷ್ಟು ಚೊಕ್ಕವಾದ ಬಣ್ಣದ ಕೆಲಸ ಇನ್ನೊಂದಿಲ್ಲ ಅಂತಲೇ ನಮ್ಮ ಅಭಿಪ್ರಾಯ.

ಇದು ಟೇಬಲ್ ಲ್ಯಾಂಪಿನ ನಾಬ್. ತಿರುಗಿಸಿದರೆ ಬೆಳಕು ಹೆಚ್ಚು ಕಡಿಮೆ ಆಗಬೇಕು, ಅಷ್ಟೇ. ಆದರೆ ಈ ತಿಂಗಳು ನಮ್ಮ ಸ್ಟುಡಿಯೊದಲ್ಲಿ ಹೆಚ್ಚು ಹೊತ್ತು ಹಿಡಿದಿರೋದು ಇದೇ. ಯಾಕಂದ್ರೆ ಇಲ್ಲಿ ಮರ, ಹಿತ್ತಾಳೆ, ಅರಗು ಮೂರೂ ಒಂದೇ ಕಡೆ ಸೇರ್ತಾವೆ. ಒಂದು ವಸ್ತು ಕೆಡೋದು ಸಾಮಾನ್ಯವಾಗಿ ಅದರ ಮೈ ನಡುವೆ ಅಲ್ಲ, ಇನ್ನೊಂದು ವಸ್ತುವಿಗೆ ತಾಗೋ ಜಾಗದಲ್ಲಿ. ಈ ವಿಡಿಯೊದಲ್ಲಿ ತೋರಿಸೋ ಎಲ್ಲ ಕೆಲಸಕ್ಕೂ ಈ ಮಾತು ಅನ್ವಯ ಆಗುತ್ತೆ.

ಬೆಳಕು ಹೊಂದಿಸೋ ಪೊಟೆನ್ಷಿಯೋಮೀಟರಿನ ಶಾಫ್ಟ್ (ತಿರುಗೋ ಕಡ್ಡಿ) 6 ಮಿ.ಮೀ. ದಪ್ಪ, ಒಂದು ಬದಿ ಚಪ್ಪಟೆ. ಚಪ್ಪಟೆ ಬದಿಯಿಂದ ಅಳೆದರೆ 4.5 ಮಿ.ಮೀ. ಮರಕ್ಕೇ ಈ ಆಕಾರದ ತೂತು ಕೊರೆದು ಕೂರಿಸಿದರೆ ಸ್ವಲ್ಪ ದಿನದಲ್ಲೇ ತೂತು ಸವೆದು ನಾಬ್ ಸುಮ್ಮನೆ ಸುತ್ತೋಕೆ ಶುರುವಾಗುತ್ತೆ. ಅದಕ್ಕೇ ಒಳಗೆ ಹಿತ್ತಾಳೆ ಬುಷ್, ಅಂದ್ರೆ ಒಂದು ಸಣ್ಣ ಕೊಳವೆ, ಹಾಕ್ತೀವಿ. ಹೊರಗಿನ ಅಳತೆ 10 ಮಿ.ಮೀ., ಮೈ ಮೇಲೆ ನರ್ಲಿಂಗ್ (ಹಿಡಿತಕ್ಕೆ ಕೊರೆದ ತರಿ), ಪಕ್ಕದಿಂದ ಒಂದು ಎಂ3 ಗ್ರಬ್ ಸ್ಕ್ರೂ, ಅಂದ್ರೆ ಶಾಫ್ಟನ್ನ ಬಿಗಿ ಹಿಡಿಯೋ 3 ಮಿ.ಮೀ. ದಪ್ಪದ, ತಲೆ ಇಲ್ಲದ ಸ್ಕ್ರೂ.

ಈಗ ಮುಖ್ಯವಾದ ವಿಷಯ. ಬುಷ್ಷನ್ನ ಮರದೊಳಗೆ ಬಿಗಿಯಾಗಿ ಬಡಿದು ಕೂರಿಸಬೇಡಿ. ಆ ಕ್ಷಣಕ್ಕೆ ಚೆನ್ನಾಗೇ ಕೂರುತ್ತೆ. ಆದರೆ ಮರ ಗಾಳಿಯ ತೇವಕ್ಕೆ ಉಬ್ಬುತ್ತೆ, ಒಣ ಹವೆಗೆ ಕುಗ್ಗುತ್ತೆ. ಎಳೆಯ ಉದ್ದಕ್ಕೆ ಈ ಬದಲಾವಣೆ ಇಲ್ಲ ಅನ್ನುವಷ್ಟು ಕಡಿಮೆ, ಎಳೆಗೆ ಅಡ್ಡಲಾಗಿ ಜಾಸ್ತಿ. ಅಂದಾಜಿಗೆ, ಮರದ ತೇವಾಂಶ ಶೇ 1 ಇಳಿದರೆ ಅಡ್ಡಕ್ಕೆ ಶೇ 0.25 ಕುಗ್ಗುತ್ತೆ ಅಂತ ಇಟ್ಕೊಳ್ಳಿ. ಮಳೆಗಾಲದಿಂದ ಬೇಸಿಗೆಗೆ ತೇವಾಂಶದಲ್ಲಿ 6 ಅಂಶ ವ್ಯತ್ಯಾಸ ಬಂದರೆ, 40 ಮಿ.ಮೀ. ನಾಬ್ 0.6 ಮಿ.ಮೀ. ಸಣ್ಣದಾಗುತ್ತೆ. ಅದೂ ಎಲ್ಲ ದಿಕ್ಕಿಗೂ ಒಂದೇ ಸಮ ಅಲ್ಲ. ಬೆಳವಣಿಗೆ ಉಂಗುರದ ಗುಂಟ ಹೆಚ್ಚು, ಅದಕ್ಕೆ ಅಡ್ಡಲಾಗಿ ಸುಮಾರು ಅರ್ಧ. ಹಾಗಾಗಿ ದುಂಡಗಿದ್ದ ನಾಬ್ ಕೊಂಚ ಮೊಟ್ಟೆ ಆಕಾರಕ್ಕೆ ತಿರುಗುತ್ತೆ. ಹಿತ್ತಾಳೆ ಮಾತ್ರ ಇದ್ದಷ್ಟೇ ಇರುತ್ತೆ. ಮರ ಕುಗ್ಗಬೇಕು, ಒಳಗಿನ ಲೋಹ ಜಾಗ ಬಿಡಲ್ಲ, ಕೊನೆಗೆ ಎಳೆಯ ಗುಂಟ ಸೀಳು ಬರುತ್ತೆ. ಫೆಬ್ರವರಿ, ಮಾರ್ಚಲ್ಲಿ ಮರದ ಹಿಡಿಗಳು ಸೀಳೋದಕ್ಕೆ ಬಹುತೇಕ ಇದೇ ಕಾರಣ.

ನಾವು ಮಾಡೋದು ಹೀಗೆ. 10 ಮಿ.ಮೀ. ಬುಷ್‌ಗೆ 10.3 ತೂತು. ನಡುವಿನ ಸಂದಿಗೆ ಒಣಗಿದ ಮೇಲೂ ಸ್ವಲ್ಪ ಹಿಗ್ಗೋ ಗುಣ ಇರೋ ಎರಡು ಭಾಗದ ಪಾಲಿಯುರೆಥೇನ್ ಅಂಟು. ಫೆವಿಕ್ವಿಕ್ ಥರದ ಅಂಟು ಇಲ್ಲಿ ಬೇಡ, ಅದು ಗಾಜಿನ ಹಾಗೆ ಗಡುಸಾಗಿ ಬಿಟ್ಕೊಳ್ಳುತ್ತೆ. ಕೆಲಸದ ಕ್ರಮ ಕೂಡ ಮುಖ್ಯ: ಮೊದಲು ತೂತು, ಆಮೇಲೆ ಬುಷ್, ಅಂಟು ಪೂರ್ತಿ ಗಟ್ಟಿಯಾಗೋಕೆ ಒಂದು ದಿನ. ಅದಾದ ಮೇಲೆ ಬುಷ್ಷನ್ನೇ ಹಿಡಿದು ಲೇತ್‌ಗೆ ಹಾಕಿ ಹೊರಮೈ ಕಡೆಯೋದು. ಮೊದಲೇ ಹೊರಮೈ ಮುಗಿಸಿ ಆಮೇಲೆ ಬುಷ್ ಕೂರಿಸಿದರೆ ಕಾಲು ಮಿಲಿಮೀಟರ್ ಆಚೀಚೆ ಆದರೂ ನಾಬ್ ತಿರುಗಿಸುವಾಗ ಓಲಾಡೋದು ಕಣ್ಣಿಗೆ ಹೊಡೆಯುತ್ತೆ.

ಅರಗು ಹಚ್ಚೋ ಮುಂಚೆ ಮರದ ತೇವಾಂಶ ಶೇ 10ರ ಆಸುಪಾಸು ಇರಬೇಕು. ಹಸಿ ಇದ್ದರೆ ಉಜ್ಜಾಟದ ಬಿಸಿಗೆ ಒಳಗಿನ ತೇವ ಹೊರಗೆ ಬರೋಕೆ ನೋಡಿ ಅರಗಿನಲ್ಲಿ ಗುಳ್ಳೆ ಏಳುತ್ತೆ, ಇಲ್ಲಾಂದ್ರೆ ಸ್ವಲ್ಪ ದಿನದ ಮೇಲೆ ಹಕ್ಕಳೆ ಥರ ಏಳುತ್ತೆ. ಈ ತಿಂಗಳು ಸ್ಟುಡಿಯೊಗೆ ಹೊಸದಾಗಿ ಬಂದಿರೋದು ಎರಡು ಮುಳ್ಳಿನ ತೇವಾಂಶ ಮೀಟರ್. ಅಳೆಯೋವಾಗ ತುಂಡಿನ ತುದಿಗೆ ಚುಚ್ಚಬೇಡಿ, ತುದಿ ಯಾವಾಗಲೂ ಮೊದಲು ಒಣಗಿರುತ್ತೆ. ಒಂದು ತುಂಡನ್ನ ಅಡ್ಡಕ್ಕೆ ಕತ್ತರಿಸಿ ಹೊಸ ಮೈಯಲ್ಲಿ, ನಡುವೆ ಅಳೆಯಿರಿ.

ಗ್ರಬ್ ಸ್ಕ್ರೂಗೆ ಬೇಕಾದ ತೂತನ್ನ ಇಲ್ಲಿ ಹತ್ತಿರದಿಂದ ನೋಡಿ. ಅರಗು ಪೆಡಸು. ನೇರವಾಗಿ ಡ್ರಿಲ್ ಹಾಕಿದರೆ ತೂತಿನ ಸುತ್ತ ಚಕ್ಕೆ ಏಳುತ್ತೆ. ಮೊದಲು ಕೌಂಟರ್‌ಸಿಂಕ್ ಬಿಟ್ಟನ್ನ (ತೂತಿನ ಬಾಯಿ ಅಗಲ ಮಾಡೋ ಮೊನೆ) ಕೈಯಲ್ಲೇ ನಾಲ್ಕು ಸುತ್ತು ತಿರುಗಿಸಿ ಅರಗಿನ ಪದರ ಬಿಡಿಸ್ಕೊಂಡು, ಆಮೇಲೆ ನಿಧಾನ ವೇಗದಲ್ಲಿ ಡ್ರಿಲ್ ಇಳಿಸಿ. ಈ ಸ್ಕ್ರೂಗೆ ಬೇಕಾಗಿರೋದು 1.5 ಮಿ.ಮೀ. ಅಲೆನ್ ಕೀ (ಆರು ಮೂಲೆಯ ಕೀಲಿ). ಸ್ಕ್ರೂ ಶಾಫ್ಟಿನ ಚಪ್ಪಟೆ ಬದಿಗೇ ಕೂರಬೇಕು. ದುಂಡು ಬದಿಗೆ ಕೂತರೆ ಎಷ್ಟು ಬಿಗಿ ಮಾಡಿದರೂ ಜಾರುತ್ತೆ.

ಇನ್ನು ಲ್ಯಾಂಪ್ ಕೊಳ್ಳೋರಿಗೆ ಒಂದು ಮಾತು. ಅರಗು ಆಲ್ಕೋಹಾಲಲ್ಲಿ ಕರಗುತ್ತೆ. ಕೈಗೆ ಸ್ಯಾನಿಟೈಸರ್ ಹಚ್ಚಿ, ಅದು ಆರೋ ಮುಂಚೆ ನಾಬ್ ಮುಟ್ಟಿದರೆ ಹೊಳಪು ಹೋಗಿ ಕಲೆ ನಿಲ್ಲುತ್ತೆ. ಒಣ ಹತ್ತಿ ಬಟ್ಟೆಯಲ್ಲಿ ಒರೆಸಿದರೆ ಸಾಕು. ಅರಗು 70 ಡಿಗ್ರಿ ಸೆಲ್ಸಿಯಸ್ ಆಸುಪಾಸಲ್ಲಿ ಮೆತ್ತಗಾಗುತ್ತೆ, ಅದಕ್ಕೇ ನಾಬ್ ಲ್ಯಾಂಪಿನ ಬುಡದಲ್ಲಿದೆ, ಎಲ್‌ಇಡಿಯ ಬಿಸಿ ಹೊರಹಾಕೋ ಹೀಟ್ ಸಿಂಕ್ ಮೇಲುಗಡೆ ಇದೆ.

ಎರಡನೇ ಕೆಲಸ ಪೂರ್ತಿ ಬೇರೆ. ತೋಟದಲ್ಲಿ ಹನಿ ನೀರಾವರಿ ವಾಲ್ವ್ ನಡೆಸೋ ಸರ್ಕ್ಯೂಟ್‌ಗೆ ಒಂದು ಡಬ್ಬಿ. ಬಿಸಿಲು, ಮಳೆ, ಧೂಳು, ಇರುವೆ, ಎಲ್ಲಾನೂ ತಡೀಬೇಕು.

ಪ್ಲಾಸ್ಟಿಕ್ ಆಯ್ಕೆಯಲ್ಲೇ ಅರ್ಧ ಕೆಲಸ. ಎಬಿಎಸ್ ಅನ್ನೋ ಪ್ಲಾಸ್ಟಿಕ್ ಮನೆಯೊಳಗೆ ಚೆನ್ನಾಗಿರುತ್ತೆ, ಬಿಸಿಲಲ್ಲಿ ಹಳದಿಯಾಗಿ ಪೆಡಸಾಗುತ್ತೆ. ಅದರಲ್ಲಿರೋ ರಬ್ಬರ್ ಅಂಶಕ್ಕೆ ಅತಿನೇರಳೆ ಕಿರಣ ತಡ್ಕೊಳ್ಳೋಕೆ ಆಗಲ್ಲ. ಅದರ ಬದಲು ಬಿಸಿಲು ತಡೆಯೋ ಎಎಸ್‌ಎ ಪ್ಲಾಸ್ಟಿಕ್ ಬಳಸ್ತೀವಿ. ಅಚ್ಚಿನಲ್ಲಿ ತಣ್ಣಗಾಗುವಾಗ ಕುಗ್ಗೋ ಪ್ರಮಾಣ ಎರಡಕ್ಕೂ ಹೆಚ್ಚು ಕಡಿಮೆ ಒಂದೇ, ಶೇ 0.4ರಿಂದ 0.7. ಹಾಗಾಗಿ ಅಚ್ಚಿನ ಅಳತೆ ದೊಡ್ಡದಾಗಿ ಬದಲಾಗಲ್ಲ. ಗೋಡೆ 2.5 ಮಿ.ಮೀ., ಗೋಡೆಗೆ ಬಲ ಕೊಡೋ ಒಳಗಿನ ರಿಬ್ (ಏಣು) 1.5. ರಿಬ್ ಗೋಡೆಯಷ್ಟೇ ದಪ್ಪ ಇದ್ದರೆ ಆ ಜಾಗ ನಿಧಾನಕ್ಕೆ ತಣ್ಣಗಾಗಿ ಹೊರಮೈಯನ್ನ ಒಳಗೆ ಎಳ್ಕೊಳ್ಳುತ್ತೆ, ಡಬ್ಬಿ ಮೇಲೆ ಗುಳಿ ಕಾಣುತ್ತೆ. ಅಚ್ಚಿಂದ ಸಲೀಸಾಗಿ ಬಿಡೋಕೆ ಗೋಡೆಗೆ ಕೊಡೋ ಓರೆ, ಅಂದ್ರೆ ಡ್ರಾಫ್ಟ್, ನುಣುಪು ಮೈಗೆ 1 ಡಿಗ್ರಿ ಸಾಕು. ತರಿತರಿ ಮೈ ಬೇಕಂದ್ರೆ 3 ಡಿಗ್ರಿ ಕೊಡಿ, ಇಲ್ಲಾಂದ್ರೆ ಅಚ್ಚಿಂದ ಬಿಡುವಾಗ ಉಜ್ಜಿದ ಗೀರು ಉಳಿಯುತ್ತೆ.

ನೀರು ಒಳಗೆ ಹೋಗೋ ಕಥೆ ಮಾತ್ರ ಗಮನ ಇಟ್ಟು ಕೇಳಿ. ಮುಚ್ಚಳದ ಸಂದಿ ಮುಚ್ಚೋಕೆ 2 ಮಿ.ಮೀ. ಸಿಲಿಕೋನ್ ರಬ್ಬರ್ ದಾರದ ಗ್ಯಾಸ್ಕೆಟ್. ಅದು ಕೂರೋ ತೋಡಿನ ಆಳ 1.5, ಅಂದ್ರೆ ನಾಲ್ಕನೇ ಒಂದು ಭಾಗ ಒತ್ತಡಕ್ಕೆ ಸಿಗುತ್ತೆ. ಅಗಲ 2.6, ಯಾಕಂದ್ರೆ ಒತ್ತಿದ ರಬ್ಬರ್ ಪಕ್ಕಕ್ಕೆ ಹರಡೋಕೆ ಜಾಗ ಬೇಕು. ಸ್ಕ್ರೂಗಳು ಗ್ಯಾಸ್ಕೆಟ್ಟಿನ ಹೊರಗಡೆ. ಒಳಗಡೆ ಹಾಕಿದರೆ ಸ್ಕ್ರೂ ತೂತೇ ನೀರಿಗೆ ದಾರಿ. ಉದ್ದನೆಯ ಬದಿಗೆ ಮೂಲೆಯ ಎರಡು ಸ್ಕ್ರೂ ಸಾಲದು, ನಡುವೆ ಇನ್ನೊಂದು ಬೇಕು. ಇಲ್ಲಾಂದ್ರೆ ಮುಚ್ಚಳ ನಡುವೆ ಬಿಲ್ಲಿನ ಹಾಗೆ ಬಾಗಿ ಸಂದಿ ಬಿಡುತ್ತೆ.

ಇಷ್ಟೆಲ್ಲ ಮಾಡಿದರೂ ಡಬ್ಬಿಯೊಳಗೆ ನೀರು ಸಿಗಬಹುದು. ಮಧ್ಯಾಹ್ನದ ಬಿಸಿಲಿಗೆ ಒಳಗಿನ ಗಾಳಿ 55 ಡಿಗ್ರಿಗೆ ಕಾಯುತ್ತೆ, ಹಿಗ್ಗಿದ ಗಾಳಿ ಒಂಚೂರು ಹೊರಗೆ ಹೋಗಿರುತ್ತೆ. ನಾಲ್ಕು ಗಂಟೆಗೆ ಜೋರು ಮಳೆ. ಡಬ್ಬಿ 25 ಡಿಗ್ರಿಗೆ ತಣ್ಣಗಾಗುತ್ತೆ. ಒಳಗಿನ ಒತ್ತಡ ಸುಮಾರು ಶೇ 9 ಇಳಿಯುತ್ತೆ, ಅಂದ್ರೆ 90 ಸೆಂಟಿಮೀಟರ್ ಎತ್ತರದ ನೀರು ಎಳೆಯೋಷ್ಟು ಸೆಳೆತ. ಅದೇ ಹೊತ್ತಿಗೆ ಕೇಬಲ್ ಗ್ಲ್ಯಾಂಡ್ (ಕೇಬಲ್ ಒಳಗೆ ಹೋಗೋ ಕಡೆ ಅದನ್ನ ಬಿಗಿ ಹಿಡಿಯೋ ಬಿರಡೆ) ಸುತ್ತ ನೀರು ನಿಂತಿರುತ್ತೆ. ಡಬ್ಬಿ ಆ ನೀರನ್ನ ಹೀರ್ಕೊಳ್ಳುತ್ತೆ. ಇನ್ನಷ್ಟು ಬಿಗಿ ಮಾಡೋದರಿಂದ ಇದು ಸರಿಹೋಗಲ್ಲ, ಡಬ್ಬಿಗೆ ಉಸಿರಾಡೋಕೆ ದಾರಿ ಕೊಡಬೇಕು. ಗಾಳಿ ಬಿಟ್ಟು ನೀರು ತಡೆಯೋ ಪಿಟಿಎಫ್‌ಇ (ಟೆಫ್ಲಾನ್) ಪೊರೆಯ ವೆಂಟ್, ಅಂದ್ರೆ ಗಾಳಿಕಿಂಡಿ, ಸಿಗುತ್ತೆ. ಅದನ್ನ ಕೆಳಮುಖವಾಗಿ ಕೂರಿಸ್ತೀವಿ. ಗ್ಲ್ಯಾಂಡ್‌ಗಳೂ ತಳಭಾಗದಲ್ಲೇ. ನಾವು ಹಾಕಿರೋದು ಪಿಜಿ7 ಅನ್ನೋ ಅಳತೆಯ ಗ್ಲ್ಯಾಂಡ್, ತೂತು 12.5 ಮಿ.ಮೀ., ಅದು 3ರಿಂದ 6.5 ಮಿ.ಮೀ. ದಪ್ಪದ ದುಂಡು ಕೇಬಲ್ ಹಿಡಿಯುತ್ತೆ. ಚಪ್ಪಟೆ ವೈರ್ ತೂರಿಸಿದರೆ ಎರಡೂ ಪಕ್ಕ ಸಂದಿ ಉಳಿಯುತ್ತೆ, ಮೊದಲು ಬರೋದು ಇರುವೆ, ಆಮೇಲೆ ನೀರು. ಕೇಬಲ್ ಡಬ್ಬಿಗೆ ಸೇರೋ ಮುಂಚೆ ಅದಕ್ಕಿಂತ ಕೆಳಗೆ ಒಂದು ಬಳುಕು ಬರಲಿ, ಮಳೆ ಹನಿ ಅಲ್ಲಿಂದಲೇ ತೊಟ್ಟಿಕ್ಕಿ ಹೋಗುತ್ತೆ.

ಮೊದಲ 20 ಡಬ್ಬಿ ಸಿಲಿಕೋನ್ ಅಚ್ಚಿನಲ್ಲಿ, ವ್ಯಾಕ್ಯೂಮ್ ಕಾಸ್ಟಿಂಗ್‌ನಲ್ಲಿ, ಅಂದ್ರೆ ಗಾಳಿ ತೆಗೆದು ರಾಳ ಎರೆಯೋ ವಿಧಾನದಲ್ಲಿ, ಮಾಡ್ತಿದ್ದೀವಿ. ಒಂದು ಸಿಲಿಕೋನ್ ಅಚ್ಚು 20, 25 ಪೀಸ್‌ಗೆ ಸವೆಯುತ್ತೆ, ನಮಗೆ ಅಷ್ಟೇ ಸಾಕು. ಇದು ಪಾಲಿಯುರೆಥೇನ್ ರಾಳ, ಎಎಸ್‌ಎ ಅಲ್ಲ. ಹಾಗಾಗಿ ಇದರಲ್ಲಿ ಜೋಡಣೆ, ಗ್ಯಾಸ್ಕೆಟ್, ಸ್ಕ್ರೂ ಪರೀಕ್ಷಿಸಬಹುದು, ಬಿಸಿಲಿನ ಪರೀಕ್ಷೆ ಲೆಕ್ಕಕ್ಕೆ ಬರಲ್ಲ. ಸ್ಟೀಲ್ ಅಚ್ಚಿಗೆ ದುಡ್ಡು ಹಾಕೋದು ಇವೆಲ್ಲ ತೋಟದಲ್ಲಿ ಒಂದು ಮಳೆಗಾಲ ನಿಂತ ಮೇಲೆ.

ಇನ್ನೆರಡು ಸಣ್ಣ ಸುದ್ದಿ. ಮಕ್ಕಳ ಮರದ ಉಂಗುರ ಜೋಡಿಸೋ ಆಟಿಕೆಯ ನಕ್ಷೆ ಬದಲಾಯಿಸಿದ್ದೀವಿ. ಆಟಿಕೆಗಳ ಗುಣಮಟ್ಟ ಆದೇಶ 2021ರ ಜನವರಿ 1ರಿಂದ ಜಾರಿಯಲ್ಲಿದೆ, ಆಟಿಕೆ ಸುರಕ್ಷತೆಯ ಭಾರತೀಯ ಮಾನದಂಡ ಐಎಸ್ 9873 ಪ್ರಕಾರ ಪರೀಕ್ಷೆ ಆಗಬೇಕು. ಮಗುವಿನ ಗಂಟಲಿಗೆ ಸಿಕ್ಕಬಹುದಾದ ಸಣ್ಣ ಭಾಗಗಳನ್ನ ಅಳೆಯೋ ಸಿಲಿಂಡರಿನ ಬಾಯಿ 31.7 ಮಿ.ಮೀ., ಅದರೊಳಗೆ ಪೂರ್ತಿ ಹಿಡಿಸೋ ಭಾಗ ಇರಬಾರದು. ತುದಿಯ ಗುಂಡು 30 ಇತ್ತು, ಈಗ 45 ಮಾಡಿದ್ದೀವಿ. ಮೂರು ವರ್ಷದೊಳಗಿನ ಮಗುವಿನ ಕೈಗೆ ಹೋಗೋ ವಸ್ತುವಲ್ಲಿ ಅಂಚಿಗೆ ತಾಗೋ ಅಳತೆ ಇಟ್ಕೊಳ್ಳೋದು ಸರಿಯಲ್ಲ, ಧಾರಾಳವಾಗಿ ದೊಡ್ಡದೇ ಇರಲಿ.

ಲ್ಯಾಂಪಿನ ಪೆಟ್ಟಿಗೆಯ ಬೀಳಿಸೋ ಪರೀಕ್ಷೆಯೂ ಶುರುವಾಗಿದೆ. 76 ಸೆಂಟಿಮೀಟರ್ ಎತ್ತರದಿಂದ ಒಂದು ಮೂಲೆ, ಮೂರು ಅಂಚು, ಆರು ಮುಖ, ಒಟ್ಟು 10 ಸಲ. ಪೆಟ್ಟಿಗೆಗೆ ಏನೂ ಆಗದಿದ್ದರೂ ಒಳಗೆ ತೆಗೆದು ನೋಡಲೇಬೇಕು. ಏಟು ಬೀಳೋದು ನಾಬ್ ಮೇಲೆ, ಅದು ಶಾಫ್ಟನ್ನ ಒಳಗೆ ತಳ್ಳಿ ಪೊಟೆನ್ಷಿಯೋಮೀಟರಿನ ಬೆಸುಗೆ ಬಿಡಿಸಬಹುದು. ಅದಕ್ಕೇ ನಾಬ್ ಸುತ್ತ ರಟ್ಟಿನಲ್ಲಿ 15 ಮಿ.ಮೀ. ಖಾಲಿ ಜಾಗ ಬಿಟ್ಟಿದ್ದೀವಿ, ನಾಬ್ ಯಾವ ಗೋಡೆಗೂ ತಾಗಲ್ಲ.

ಮುಂದಿನ ವಿಡಿಯೊದಲ್ಲಿ ಡಬ್ಬಿಗೆ ಪೈಪ್ ಹಿಡಿಯೋ ಪರೀಕ್ಷೆ: ಧೂಳು, ನೀರು ತಡೆಯೋ ಮಟ್ಟ ಹೇಳೋ ಐಪಿ65 ಮಾನದಂಡದ ಹಾಗೆ 6.3 ಮಿ.ಮೀ. ಮೂತಿ, ನಿಮಿಷಕ್ಕೆ 12.5 ಲೀಟರ್ ನೀರು, ಕನಿಷ್ಠ 3 ನಿಮಿಷ. ಅದಕ್ಕೆ ಮುಂಚೆ ಡಬ್ಬಿಯನ್ನ ಒಂದು ಗಂಟೆ ಬಿಸಿಲಲ್ಲಿ ಇಡ್ತೀವಿ. ಅದು ಮಾನದಂಡದಲ್ಲಿಲ್ಲ, ತೋಟದಲ್ಲಿದೆ.