ಜೆಟ್ಸ್ ತಂಡದ ಐದು ಕಾರ್ನರ್‌ಬ್ಯಾಕ್‌ಗಳು: ಮೊದಲ ಸುತ್ತಿನ ಲೆಕ್ಕ ಹಾಕೋದು ಹೇಗೆ?

[ಪರದೆ: ಖಾಲಿ ಕೋಷ್ಟಕ, ಎಡಗಡೆ ಐದು ಹೆಸರು]

ನ್ಯೂಯಾರ್ಕ್ ಜೆಟ್ಸ್ 1994ರಿಂದ 2022ರವರೆಗೆ ಅಮೆರಿಕನ್ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನ ಡ್ರಾಫ್ಟ್‌ನ (ತಂಡಗಳು ಸರದಿಯಂತೆ ಕಾಲೇಜು ಆಟಗಾರರನ್ನ ಆರಿಸೋದು) ಮೊದಲ ಸುತ್ತಿನಲ್ಲಿ ಐದು ಕಾರ್ನರ್‌ಬ್ಯಾಕ್‌ಗಳನ್ನ ಆರಿಸಿದೆ. 1994ರಲ್ಲಿ ಆರನ್ ಗ್ಲೆನ್, 12ನೇ ಆಯ್ಕೆ. 2007ರಲ್ಲಿ ಡರೆಲ್ ರೀವಿಸ್, 14. 2010ರಲ್ಲಿ ಕೈಲ್ ವಿಲ್ಸನ್, 29. 2013ರಲ್ಲಿ ಡೀ ಮಿಲಿನರ್, 9. 2022ರಲ್ಲಿ ಸಾಸ್ ಗಾರ್ಡ್ನರ್, 4.

ಎದುರಾಳಿ ರಿಸೀವರ್‌ನ (ಎಸೆದ ಚೆಂಡು ಹಿಡಿಯೋನ) ಬೆನ್ನು ಬಿಡದೆ ಓಡಿ, ಚೆಂಡು ಅವನ ಕೈ ಸೇರದ ಹಾಗೆ ನೋಡ್ಕೊಳ್ಳೋದು ಕಾರ್ನರ್‌ಬ್ಯಾಕ್ ಕೆಲಸ. ಹಾಗಾದ್ರೆ ಎಷ್ಟು ಇಂಟರ್‌ಸೆಪ್ಷನ್ (ಎದುರಾಳಿ ಎಸೆದ ಚೆಂಡನ್ನ ಕಸಿದದ್ದು) ಅಂತ ಎಣಿಸಿದ್ರೆ ಸಾಕಲ್ವಾ? ಸಾಲದು.

[ಪರದೆ: ರೀವಿಸ್ 2009 – 6, 2010 – 0. ಗಾರ್ಡ್ನರ್ 2023 – 0]

ರೀವಿಸ್ 2009ರಲ್ಲಿ ಆರು ಚೆಂಡು ಕಸಿದ. ಮುಂದಿನ ವರ್ಷ ಲೀಗ್ ಪಂದ್ಯಗಳಲ್ಲಿ ಒಂದೂ ಇಲ್ಲ, ಆದ್ರೂ ವರ್ಷದ ಅತ್ಯುತ್ತಮರ ಪಟ್ಟಿಯಾದ ಆಲ್-ಪ್ರೋ ಮೊದಲ ತಂಡದಲ್ಲಿ ಜಾಗ. ಗಾರ್ಡ್ನರ್‌ದೂ 2023ರಲ್ಲಿ ಅದೇ ಕಥೆ. ಪಾಯಿಂಟ್‌ನಲ್ಲಿ ಜಡೇಜಾ ನಿಂತಿದ್ದಾಗ ಬ್ಯಾಟರ್ ಆ ಕಡೆ ರನ್ ಕದಿಯೋಕೆ ಹೋಗ್ತಾನಾ? ಸ್ಕೋರ್‌ಕಾರ್ಡ್‌ನಲ್ಲಿ ರನೌಟ್ ಕಾಣಿಸಲ್ಲ, ಕೆಲಸ ಮಾತ್ರ ಆಗಿರುತ್ತೆ. ಹಾಗೇ ಇದೂ: ಚೆಂಡು ಎಸೆಯೋ ಆಟಗಾರ, ಅಂದ್ರೆ ಕ್ವಾರ್ಟರ್‌ಬ್ಯಾಕ್, ಆ ಕಡೆ ಎಸೆಯೋದನ್ನೇ ಬಿಟ್ಟಿರ್ತಾನೆ.

ಅದಕ್ಕೆ ಮೊದಲ ಕಾಲಂನಲ್ಲಿ ಕೊಟ್ಟ ಬೆಲೆ ಬರೀರಿ. ಡ್ರಾಫ್ಟ್‌ನ ಪ್ರತಿ ಆಯ್ಕೆಗೂ ಇಷ್ಟು ಬೆಲೆ ಅಂತ ಹೇಳೋ, ಕೋಚ್ ಜಿಮ್ಮಿ ಜಾನ್ಸನ್ ಹೆಸರಿನ ಹಳೇ ಪಾಯಿಂಟ್ ಪಟ್ಟಿಯೊಂದಿದೆ. ಇವತ್ತಿನ ತಂಡಗಳು ಅದನ್ನ ತಿದ್ದಿಕೊಂಡಿವೆ, ನಮ್ಮ ಲೆಕ್ಕಕ್ಕೆ ಅದೇ ಸಾಕು. 4ನೇ ಆಯ್ಕೆಗೆ 1800, 9ಕ್ಕೆ 1350, 14ಕ್ಕೆ 1100, 29ಕ್ಕೆ 640. ರೀವಿಸ್‌ಗೋಸ್ಕರ ಜೆಟ್ಸ್ 25ರಿಂದ 14ಕ್ಕೆ ಹಾರಿತು. ಕ್ಯಾರೊಲೈನಾಗೆ ಕೊಟ್ಟಿದ್ದು 25ನೇದು (720), 59ನೇದು (310), ಜೊತೆಗೊಂದು ಐದನೇ ಸುತ್ತಿನ ಆಯ್ಕೆ. ವಾಪಸ್ ಬಂದಿದ್ದು 14ನೇದು ಮತ್ತೊಂದು ಆರನೇ ಸುತ್ತಿನದು. ಕೊನೆಯ ಎರಡು ಬರೀ ಚಿಲ್ಲರೆ. 1030 ಕೊಟ್ಟು 1100ರ ಮಾಲು ತಂದ ಹಾಗಾಯ್ತು. ಆ ಮಾಲು 2023ರಲ್ಲಿ ಹಾಲ್ ಆಫ್ ಫೇಮ್ ಸೇರಿತು.

ಎರಡನೇ ಕಾಲಂ, ಕೊಟ್ಟ ಕೆಲಸ. ಎಲ್ಲರೂ ಎಡವೋದು ಇಲ್ಲೇ.

[ಪರದೆ: ಮೈದಾನದ ನಕ್ಷೆ, ರಿಸೀವರ್ ಎದುರು ಒಬ್ಬನೇ ಕಾರ್ನರ್]

2009ರಿಂದ 2014ರವರೆಗೆ ಕೋಚ್ ಆಗಿದ್ದ ರೆಕ್ಸ್ ರಯನ್, ಐದಾರು ಜನರನ್ನ ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗಿಸೋಕೆ ಹೆಸರುವಾಸಿ. ಆಗ ಹಿಂದೆ ಸಹಾಯಕ್ಕೆ ಸೇಫ್ಟಿ ಅನ್ನೋ ಡಿಫೆಂಡರ್ ಇರಲ್ಲ. ಕಾರ್ನರ್ ರಿಸೀವರ್‌ಗಿಂತ ಒಂದು ಗಜ ದೂರದಲ್ಲಿ ನಿಂತು, ಮೊದಲ ಐದು ಗಜದೊಳಗೆ ಎದೆಗೆ ಕೈಯಿಟ್ಟು ತಡೀಬೇಕು. ಐದು ಗಜ ದಾಟಿದ ಮೇಲೂ ಕೈ ಹಿಡಿದೇ ಇದ್ರೆ ಪೆನಾಲ್ಟಿ, ಎದುರಾಳಿಗೆ ಐದು ಗಜ ಮತ್ತು ಹೊಸ ಫಸ್ಟ್ ಡೌನ್, ಅಂದ್ರೆ ಮತ್ತೆ ಮೊದಲಿಂದ ನಾಲ್ಕು ಪ್ರಯತ್ನ. ವಿಡಿಯೋ ನೋಡುವಾಗ ಚೆಂಡನ್ನ ಬಿಡಿ, ಕಾರ್ನರ್‌ನ ಸೊಂಟ ನೋಡಿ. ರಿಸೀವರ್ ಭುಜ ಅಲ್ಲಾಡಿಸಿದ ತಕ್ಷಣ ಸೊಂಟ ಹೊರಗಡೆ ತಿರುಗಿತಾ, ಒಳಗಡೆ ದಾರಿ ತೆರೆದಂತೆ. ಮತ್ತೆ ತಿರುಗೋಷ್ಟರಲ್ಲಿ ಎರಡು ಹೆಜ್ಜೆ ಹಿಂದೆ.

ವಿಲ್ಸನ್ ಬಂದಾಗ ಹೊರಗಿನ ಎರಡು ಬದಿಯಲ್ಲಿ ರೀವಿಸ್ ಮತ್ತು ಅದೇ ವರ್ಷ ಟ್ರೇಡ್‌ನಲ್ಲಿ ಬಂದ ಆಂಟೋನಿಯೋ ಕ್ರೊಮಾರ್ಟಿ ಇದ್ರು. ಅವನಿಗೆ ಉಳಿದಿದ್ದು ಹೆಚ್ಚಾಗಿ ಒಳಗಿನ ಸ್ಲಾಟ್, ಅಂದ್ರೆ ಮಧ್ಯದ ಕಡೆ ನಿಲ್ಲೋ ರಿಸೀವರ್‌ನ ಕಾಯೋ ಕೆಲಸ. ಐದು ಸೀಸನ್ ಆಡಿದ, ಸಾಧಾರಣ. 29ನೇ ಆಯ್ಕೆಗೆ ಇದು ಸೋಲು ಅನ್ನೋಕೆ ಮನಸ್ಸು ಬರಲ್ಲ. ಅದೇ ಡ್ರಾಫ್ಟ್‌ನ ಇನ್ನೊಬ್ಬ ಕಾರ್ನರ್ ಡೆವಿನ್ ಮೆಕೋರ್ಟಿ ಸಿಗ್ತಿದ್ದ ಅಂತ ಬೈಯೋರಿಗೆ ಒಂದು ಮಾತು: ಪೇಟ್ರಿಯಟ್ಸ್ ಅವನನ್ನ 27ಕ್ಕೇ ಒಯ್ದಾಗಿತ್ತು.

ಮಿಲಿನರ್ ವಿಷಯದಲ್ಲಿ ಮಾತ್ರ ಸಮಜಾಯಿಷಿ ಇಲ್ಲ. ಡ್ರಾಫ್ಟ್‌ಗೆ ಮುಂಚೆಯೇ ಭುಜದ ಶಸ್ತ್ರಚಿಕಿತ್ಸೆ ಆಗಿತ್ತು. ಮೊದಲ ವರ್ಷವೇ ಒಂದಕ್ಕಿಂತ ಹೆಚ್ಚು ಬಾರಿ ಬೆಂಚಿಗೆ ಕಳಿಸಿದ್ರು. ಡಿಸೆಂಬರ್‌ನಲ್ಲಿ ಚೇತರಿಸಿಕೊಂಡ, ಆದ್ರೆ 2014ರಲ್ಲಿ ಅಕಿಲೀಸ್ ಸ್ನಾಯುರಜ್ಜು ಹರೀತು. ಒಟ್ಟು 21 ಪಂದ್ಯ, ಮೂರು ಇಂಟರ್‌ಸೆಪ್ಷನ್. ಅವನ ನಂತರ ಡೆಸ್ಮಂಡ್ ಟ್ರೂಫಂಟ್ 22ಕ್ಕೆ, ಝೇವಿಯರ್ ರೋಡ್ಸ್ 25ಕ್ಕೆ, ಡೇರಿಯಸ್ ಸ್ಲೇ 36ಕ್ಕೆ ಹೋದ್ರು. ಮೂವರೂ ಪ್ರೋ ಬೌಲ್‌ಗೆ (ಲೀಗ್‌ನ ಆಲ್-ಸ್ಟಾರ್ ಪಂದ್ಯ) ಆಯ್ಕೆಯಾದವರು. ಗಾಯ ದುರದೃಷ್ಟ ಇರಬಹುದು, ಈ ಮೂವರನ್ನ ಬಿಟ್ಟಿದ್ದು ತೀರ್ಮಾನ.

ಮೂರನೇ ಕಾಲಂ ಹೊರಗೆ ಹೋದಾಗ ಬಂದದ್ದು. ನಮ್ಮ ಪ್ರಕಾರ ಜೆಟ್ಸ್ ಕಾರ್ನರ್‌ಗಳನ್ನ ಆರಿಸೋದ್ರಲ್ಲಿ ಚೆನ್ನಾಗೇ ಇದೆ, ಉಳಿಸಿಕೊಳ್ಳೋದ್ರಲ್ಲಿ ಕೈಸೋತಿದೆ. ಗ್ಲೆನ್ 2002ರ ವಿಸ್ತರಣಾ ಡ್ರಾಫ್ಟ್‌ನಲ್ಲಿ (ಹೊಸ ತಂಡ ಹಳೇ ತಂಡಗಳ ಆಟಗಾರರನ್ನ ಆರಿಸೋದು) ಹ್ಯೂಸ್ಟನ್‌ಗೆ ಹೋದ, ಬದಲಿಗೆ ಆಯ್ಕೆ ಒಂದೂ ಬರಲಿಲ್ಲ. (2025ರಲ್ಲಿ ಇದೇ ತಂಡಕ್ಕೆ ಹೆಡ್ ಕೋಚ್ ಆಗಿ ಬಂದ, ಅದು ಈ ಕೋಷ್ಟಕಕ್ಕೆ ಸೇರಲ್ಲ.) ರೀವಿಸ್‌ನನ್ನ 2013ರಲ್ಲಿ ಟ್ಯಾಂಪಾ ಬೇಗೆ ಕೊಟ್ಟು ತಂದ 13ನೇ ಆಯ್ಕೆಯಲ್ಲಿ ಶೆಲ್ಡನ್ ರಿಚರ್ಡ್‌ಸನ್ ಬಂದ, ಆ ವರ್ಷದ ಅತ್ಯುತ್ತಮ ಡಿಫೆನ್ಸಿವ್ ರೂಕಿ (ಮೊದಲ ವರ್ಷದ ಆಟಗಾರ) ಆದ. ಅದೇ ರಾತ್ರಿ, ನಾಲ್ಕು ಆಯ್ಕೆ ಮುಂಚೆ, ರೀವಿಸ್ ಜಾಗ ತುಂಬೋಕೆ ತಂದವನೇ ಮಿಲಿನರ್.

[ಪರದೆ: ಗಾರ್ಡ್ನರ್ ಸಾಲು, ಕೊನೆಯ ಮನೆ ಖಾಲಿ]

ಗಾರ್ಡ್ನರ್ 2025ರ ಜುಲೈನಲ್ಲಿ ನಾಲ್ಕು ವರ್ಷಕ್ಕೆ 12 ಕೋಟಿ ಡಾಲರ್ ದಾಟಿದ ಒಪ್ಪಂದಕ್ಕೆ ಸಹಿ ಹಾಕಿದ. ನವೆಂಬರ್‌ನಲ್ಲಿ ಇಂಡಿಯಾನಾಪೊಲಿಸ್ ಕೋಲ್ಟ್ಸ್ ಪಾಲಾದ. ಬದಲಿಗೆ 2026 ಮತ್ತು 2027ರ ಮೊದಲ ಸುತ್ತಿನ ಆಯ್ಕೆಗಳು, ರಿಸೀವರ್ ಅಡೋನಾಯ್ ಮಿಚೆಲ್. ಆ ಎರಡು ಆಯ್ಕೆಯಲ್ಲಿ ಬರೋರು ಎರಡು ಮೂರು ಸೀಸನ್ ಆಡೋವರೆಗೆ ಈ ಮನೆಯನ್ನ ಪೆನ್ಸಿಲ್‌ನಲ್ಲೇ ತುಂಬಿ.