ಫಿಲಿಪಿನೋ ಜನರ ಬಗ್ಗೆ ಹಗುರವಾಗಿ ಮಾತಾಡೋರಿಗೆ

ದುಬೈಗೆ ಹೊಸದಾಗಿ ಬಂದ ನಮ್ಮ ಕಡೆ ಹುಡುಗರಿಗೆ ಮೊದಲ ವಾರದಲ್ಲೇ ಯಾರಾದರೊಬ್ಬರು ಬುದ್ಧಿಮಾತು ಹೇಳ್ತಾರೆ: "ಫಿಲಿಪಿನೋ ಹುಡುಗಿಯರ ಸಹವಾಸ ಮಾತ್ರ ಬೇಡ ಮಾರಾಯ, ಅವ್ರಿಗೆಲ್ಲಾ ಬೇಕಿರೋದು ದುಡ್ಡು." ಹೀಗೆ ಹೇಳೋರಿಗೆ ಒಬ್ಬ ಫಿಲಿಪಿನೋ ಹೆಂಗಸಿನ ಊರು ಯಾವುದು, ಮನೇಲಿ ಯಾರ್ಯಾರಿದ್ದಾರೆ ಅಂತಲೂ ಗೊತ್ತಿರಲ್ಲ. ಮಾಲ್‌ನಲ್ಲಿ ಕೌಂಟರ್ ಹಿಂದೆ ನಗ್ತಾ ನಿಂತಿದ್ದನ್ನ ನೋಡಿರ್ತಾರೆ, ಅಷ್ಟೇ. ಹಾಗೆ ನಗೋಕೇ ಅವಳಿಗೆ ಸಂಬಳ ಕೊಡ್ತಾರೆ ಅನ್ನೋದು ಹೊಳೆಯಲ್ಲ. ಇವತ್ತು ದುಬೈನ ಕರಾಮಾ ಬಡಾವಣೆಯ ಬೀದಿಗಳಲ್ಲಿ ನಡೀತಾ ಇದೇ ವಿಷಯ ಮಾತಾಡೋಣ. ನನಗೆ ಕೋಪ ಇದೆ, ಮುಚ್ಚಿಡಲ್ಲ.

ಆ ಅಂಗಡಿ ಮುಂದೆ ಟೇಪ್ ಸುತ್ತಿಟ್ಟಿರೋ ದೊಡ್ಡ ರಟ್ಟಿನ ಪೆಟ್ಟಿಗೆ ಕಾಣ್ತಿದೆಯಲ್ಲ? ಅದಕ್ಕೆ ಬಾಲಿಕ್‌ಬಾಯನ್ ಬಾಕ್ಸ್ ಅಂತಾರೆ, ಫಿಲಿಪಿನೋಗಳು ಸಾಮಾನು ತುಂಬಿ ಊರಿಗೆ ಕಳಿಸೋ ಪೆಟ್ಟಿಗೆ. ನಾನು ಬೆಡ್‌ಸ್ಪೇಸ್‌ನಲ್ಲಿ, ಅಂದ್ರೆ ಹಂಚಿಕೊಂಡ ರೂಮಲ್ಲಿ ಒಂದು ಮಂಚ ಬಾಡಿಗೆಗೆ ಹಿಡಿದು ಇದ್ದಾಗ, ಪಕ್ಕದ ಮಂಚದ ಅಕ್ಕ ಫಿಲಿಪೀನ್ಸ್‌ನ ಇಲೊಯ್ಲೊ ಕಡೆಯವರು. ಸಂಬಳ ಬಂದ ದಿನ ಮೊದಲು ಎಕ್ಸ್‌ಚೇಂಜ್‌ಗೆ ಹೋಗಿ ಊರಿಗೆ ದುಡ್ಡು ಹಾಕಿ, ಉಳಿದದ್ದರಲ್ಲಿ ಆಫರ್ ನೋಡ್ಕೊಂಡು ಕಾರ್ನ್ಡ್ ಬೀಫ್ ಡಬ್ಬಿ, ಶಾಂಪೂ, ಟವೆಲ್ ತಂದು ಮಂಚದಡಿ ಇದ್ದ ಪೆಟ್ಟಿಗೆಗೆ ಸೇರಿಸ್ತಿದ್ರು. ಒಂದ್ಸಲ ಮಗನಿಗೆ ಶೂ ಬೇಕಾಯ್ತು. ಊರಲ್ಲಿ ಅಜ್ಜಿ ಹುಡುಗನ ಪಾದವನ್ನ ಕಾಗದದ ಮೇಲಿಟ್ಟು ಸುತ್ತ ಪೆನ್ನಲ್ಲಿ ಗೆರೆ ಎಳೆದು, ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೋ ಕಳಿಸಿದ್ರು. ಅಕ್ಕ ಅಂಗಡಿಯಲ್ಲಿ ಅಳತೆ ನೋಡಿ, "ಪೆಟ್ಟಿಗೆ ಹಡಗಲ್ಲಿ ಹೋಗಿ ಮುಟ್ಟೋ ಹೊತ್ತಿಗೆ ಕಾಲು ಬೆಳೆದಿರುತ್ತೆ" ಅಂತ ಒಂದು ಸೈಜ್ ದೊಡ್ಡದನ್ನೇ ತಗೊಂಡ್ರು. ನಾಳೆ ಚಿಂತೆ ಇಲ್ಲದೆ ಖರ್ಚು ಮಾಡೋ ಜನ ಅಂತಾರಲ್ಲ, ಅವರಲ್ಲಿ ಒಬ್ಬರು ಇವರು. ಹೀಗೆ ಪರದೇಶದಲ್ಲಿ ದುಡಿಯೋರು ಮನೆಗೆ ಕಳಿಸೋ ಹಣ ಆ ದೇಶದ ಜಿಡಿಪಿಯ ಶೇ 8ರ ಆಸುಪಾಸಿದೆ.

ಇನ್ನೊಂದು ವಿಷಯ. ಮುಸ್ಲಿಮರನ್ನ ಬಿಟ್ಟರೆ ಫಿಲಿಪೀನ್ಸ್‌ನಲ್ಲಿ ವಿಚ್ಛೇದನಕ್ಕೆ ಕಾನೂನೇ ಇಲ್ಲ. ಗಂಡ ಕೈಬಿಟ್ಟು ಹೋದ್ರೂ ಕಾಗದದ ಮೇಲೆ ಮದುವೆ ಹಾಗೇ ಇರುತ್ತೆ, ಮಕ್ಕಳನ್ನ ತನ್ನ ತಾಯಿಯ ಮಡಿಲಿಗೆ ಹಾಕಿ ವಿಮಾನ ಹತ್ತೋದು ಹೆಂಡತಿ. ಅವಳ ಬಗ್ಗೆ ಇಲ್ಲಿ ಕೂತು ನಡತೆಯ ಸರ್ಟಿಫಿಕೇಟ್ ಬರೆಯೋಕೆ ನಾವ್ಯಾರು? ಮೋಸ ಮಾಡೋರು ಎಲ್ಲ ಜನರಲ್ಲೂ ಇದ್ದಾರೆ, ನಮ್ಮವರಲ್ಲೂ.

ಫಿಲಿಪಿನೋಗಳು ಸೋಮಾರಿಗಳು ಅನ್ನೋದು ಸ್ಪೇನ್ ಆ ದೇಶವನ್ನ ಆಳ್ತಿದ್ದ ಕಾಲದ ಹಳೇ ಆರೋಪ. 1890ರಲ್ಲೇ ಫಿಲಿಪಿನೋ ಲೇಖಕ ಹೋಸೆ ರಿಸಾಲ್ ಅದಕ್ಕೆ ಉದ್ದದ ಉತ್ತರ ಬರೆದ್ರು: ಸ್ಪೇನ್ ಬರೋ ಮೊದಲು ನಮ್ಮ ಜನ ಬೇಸಾಯ ಮಾಡ್ತಿದ್ರು, ಹಡಗು ಕಟ್ಟಿ ವ್ಯಾಪಾರಕ್ಕೆ ಹೋಗ್ತಿದ್ರು, ಬಿಟ್ಟಿ ದುಡಿಮೆ ಹೇರಿ, ವ್ಯಾಪಾರ ಕಟ್ಟಿಹಾಕಿ ಉತ್ಸಾಹ ಕೊಂದವರು ನೀವು ಅಂತ. ಆರು ವರ್ಷದ ನಂತರ ಸ್ಪೇನ್ ಸರ್ಕಾರ ಅವರನ್ನ ಮನಿಲಾದಲ್ಲಿ ಗುಂಡಿಕ್ಕಿ ಕೊಂದಿತು.

ಮೇಲಿನವರು ಏನಂದ್ರೂ "ಎಸ್ ಸರ್" ಅನ್ನೋ ಜನ ಅಂತಾನೂ ಕೇಳಿದ್ದೀನಿ. 1965ರ ಸೆಪ್ಟೆಂಬರ್ 8ರಂದು ಕ್ಯಾಲಿಫೋರ್ನಿಯಾದ ಡೆಲಾನೊದಲ್ಲಿ ದ್ರಾಕ್ಷಿ ತೋಟದ ಕೆಲಸ ಬಿಟ್ಟು ಮುಷ್ಕರಕ್ಕೆ ಮೊದಲು ಇಳಿದವರು ಕಾರ್ಮಿಕ ನಾಯಕ ಲ್ಯಾರಿ ಇಟ್ಲಿಯಾಂಗ್ ಜೊತೆಗಿದ್ದ ಫಿಲಿಪಿನೋ ಕೂಲಿಗಳು. ಹೆಸರಾಂತ ಕಾರ್ಮಿಕ ನಾಯಕ ಸೀಸರ್ ಚಾವೇಜ್ ಅವರ ಸಂಘ ಸೇರಿಕೊಂಡಿದ್ದು ಆಮೇಲೆ. 1986ರ ಫೆಬ್ರವರಿಯಲ್ಲಿ ಮನಿಲಾದ ಎಡ್ಸಾ ರಸ್ತೆಯಲ್ಲಿ ಜಪಮಾಲೆ ಹಿಡಿದು ಟ್ಯಾಂಕ್‌ಗಳ ಎದುರು ಕೂತು, ನಾಲ್ಕೇ ದಿನದಲ್ಲಿ ಸರ್ವಾಧಿಕಾರಿ ಮಾರ್ಕೋಸ್‌ನನ್ನ ದೇಶ ಬಿಡಿಸಿದ್ದೂ ಇದೇ ಜನ.

ನರ್ಸ್‌ಗಳ ವಿಷಯ ಬಂದ್ರೆ ನನಗೆ ಗಂಟಲು ಕಟ್ಟುತ್ತೆ. ಅಮೆರಿಕದ ನರ್ಸ್‌ಗಳಲ್ಲಿ ಫಿಲಿಪಿನೋಗಳು ನೂರಕ್ಕೆ 4ರಷ್ಟು. 2020ರ ಸೆಪ್ಟೆಂಬರ್ ಹೊತ್ತಿಗೆ ಕೋವಿಡ್‌ಗೆ ಬಲಿಯಾದ ನರ್ಸ್‌ಗಳಲ್ಲಿ ಮಾತ್ರ ಅವರು ಹತ್ತಿರಹತ್ತಿರ ಮೂರನೇ ಒಂದು ಪಾಲು. ಅಲ್ಲಿನ ನರ್ಸ್‌ಗಳ ಸಂಘವೇ ಹಾಕಿದ ಲೆಕ್ಕ ಇದು. ಅದೇ ವರ್ಷ ಡಿಸೆಂಬರ್ 8ರಂದು ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ತೊಂಬತ್ತು ವರ್ಷದ ಅಜ್ಜಿಗೆ, ಪ್ರಯೋಗದ ಹೊರಗೆ ಕೊಟ್ಟ ಮೊದಲ ಫೈಜರ್ ಕೋವಿಡ್ ಲಸಿಕೆ ಚುಚ್ಚಿದವರು ಮೇ ಪಾರ್ಸನ್ಸ್, ಫಿಲಿಪೀನ್ಸ್‌ನಿಂದ ಬಂದ ನರ್ಸ್.

ಮಂಗಳೂರು, ಉಡುಪಿಯಲ್ಲಿ ನರ್ಸಿಂಗ್ ಓದಿ ಗಲ್ಫ್‌ಗೆ ಬಂದ ನಮ್ಮ ಹುಡುಗಿಯರನ್ನೂ ಊರಿನ ಜನ ಸುಮ್ಮನೆ ಬಿಟ್ಟಿಲ್ಲ. "ನೈಟ್ ಡ್ಯೂಟಿ" ಅಂತ ಒತ್ತಿ ಹೇಳಿ ಕಣ್ಣು ಮಿಟುಕಿಸೋರಿದ್ದಾರೆ. ನನ್ನ ಚಿಕ್ಕಮ್ಮನ ಮಗಳಿಗೆ ಬಂದಿದ್ದ ಒಳ್ಳೆ ಸಂಬಂಧ ಅದೇ ಮಾತಿಂದ ತಪ್ಪಿಹೋಯ್ತು. ಹಾಗಾಗಿ ಈಗ ಕಾರಲ್ಲಿರಲಿ, ಊಟದ ಮೇಜಲ್ಲಿರಲಿ, ಯಾರಾದ್ರೂ ಫಿಲಿಪಿನೋ ಹೆಂಗಸರ ಬಗ್ಗೆ ಶುರು ಮಾಡಿದ್ರೆ ನಾನು ಅಲ್ಲೇ ತಡೆದು ಕೇಳ್ತೀನಿ: ಯಾರ ವಿಷಯ ಹೇಳ್ತಿದ್ದೀರಿ, ನೀವೇ ಕಣ್ಣಾರೆ ನೋಡಿದ್ದಾ? "ಹಾಗಂತಾರೆ" ಅನ್ನೋದಕ್ಕಿಂತ ಮುಂದೆ ಇದುವರೆಗೆ ಯಾರೂ ಹೋಗಿಲ್ಲ.