ಒಂದು ಹೊತ್ತು ಜೋರು, ಇನ್ನೊಂದು ಹೊತ್ತು ಹಗುರ

ಕೇಳುಗರಿಗೆಲ್ಲ ನಮಸ್ಕಾರ. ನಾನು ಫಿಸಿಯೋಥೆರಪಿಸ್ಟ್. ಮೊಣಕಾಲು, ಸೊಂಟ, ಹಿಮ್ಮಡಿ ನೋವು ಅಂತ ಬರುವವರನ್ನು ದಿನಾ ನೋಡುವವಳು. ಅವರಲ್ಲಿ ತುಂಬಾ ಜನ ಕೇಳುವ ಪ್ರಶ್ನೆ ಒಂದೇ: "ಮೇಡಂ, ದಿನಕ್ಕೆ ಎರಡು ಸಲ ವ್ಯಾಯಾಮ ಮಾಡಬಹುದಾ?"

ಮಾಡಬಹುದು. ಖಂಡಿತ ಮಾಡಬಹುದು. ಆದರೆ ಒಂದು ಹೊತ್ತು ಜೋರು, ಇನ್ನೊಂದು ಹೊತ್ತು ಹಗುರ. ಇವತ್ತು ನಾನು ಹೇಳಲು ಬಂದಿರುವುದು ಇಷ್ಟೇ. ಮತ್ತೆ ಮತ್ತೆ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಜೋರು ಅಂದರೆ ಯಾವುದು? ನಾಲ್ಕು ಮಾತು ಆಡುವಷ್ಟರಲ್ಲಿ ಉಸಿರಿಗಾಗಿ ನಿಲ್ಲಬೇಕಾದರೆ ಅದು ಜೋರು. ಪಕ್ಕದವರ ಜೊತೆ ಮನೆ ಸುದ್ದಿ ಮಾತಾಡಿಕೊಂಡೇ ಮಾಡಬಹುದಾದರೆ ಅದು ಹಗುರ. ಯಂತ್ರ ಬೇಡ, ಕೈಗಡಿಯಾರ ಬೇಡ. ನಿಮ್ಮ ಬಾಯೇ ಅಳತೆ.

ಒಬ್ಬ ಹುಡುಗನ ವಿಷಯ ಹೇಳಬೇಕು. ಹಾವೇರಿ ಕಡೆಯವನು. ಧಾರವಾಡದಲ್ಲಿ ರೂಮು ಮಾಡಿಕೊಂಡು ಪೊಲೀಸ್ ಕಾನ್‌ಸ್ಟೇಬಲ್ ಪರೀಕ್ಷೆಗೆ ಓದುತ್ತಿದ್ದ. ಆ ಪರೀಕ್ಷೆಯಲ್ಲಿ 1600 ಮೀಟರ್ ದೂರವನ್ನು ಆರೂವರೆ ನಿಮಿಷದೊಳಗೆ ಓಡಬೇಕು. ಒಂದು ಸೆಕೆಂಡ್ ಜಾಸ್ತಿ ಆದರೂ ಮನೆಗೆ. ಇವನಿಗೆ ಏಳು ನಿಮಿಷ ಹಿಡಿಯುತ್ತಿತ್ತು. ಹಾಗಾಗಿ ಬೆಳಿಗ್ಗೆ ಐದಕ್ಕೆ ಒಂದು ಓಟ, ಸಂಜೆ ಐದಕ್ಕೆ ಇನ್ನೊಂದು ಓಟ. ಎರಡೂ ಡಾಂಬರು ರಸ್ತೆ ಮೇಲೆ, ಎರಡೂ ಜೀವ ಹೋಗುವ ಹಾಗೆ. ಭಾನುವಾರವೂ ಬಿಡಲಿಲ್ಲ.

ಅವನನ್ನು ಕರೆದುಕೊಂಡು ಬಂದವರು ಅವನ ತಾಯಿ. "ಎರಡೂ ಹೊತ್ತು ಓಡ್ತಾನ್ರೀ ಅಕ್ಕಾರ, ಈಗ ನಡೆಯಾಕೂ ಬರವಲ್ದು" ಅಂದರು. ಅವನು ಮಾತಾಡಲಿಲ್ಲ. ಕ್ಯಾನ್ವಾಸ್ ಶೂ ಬಿಚ್ಚಿಟ್ಟ. ಹಿಮ್ಮಡಿಯ ಹೊರ ಅಂಚು ಸವೆದು ಬಟ್ಟೆ ಕಾಣುತ್ತಿತ್ತು. ಎಲ್ಲಿ ನೋವು ಅಂತ ಕೇಳಿದೆ. ಸ್ನಾಯು ನೋವಾದರೆ ಜನ ಅಂಗೈ ಇಟ್ಟು ಸವರಿ ತೋರಿಸುತ್ತಾರೆ. ಇವನು ಒಂದೇ ಬೆರಳು ಇಟ್ಟ, ಮೊಣಕಾಲಿನ ಕೆಳಗಿನ ಎಲುಬಿನ ಒಳಬದಿಗೆ, ಒಂದು ರೂಪಾಯಿ ನಾಣ್ಯದಷ್ಟು ಜಾಗಕ್ಕೆ. ಒಂಟಿ ಕಾಲಲ್ಲಿ ಒಮ್ಮೆ ಕುಪ್ಪಳಿಸಪ್ಪ ಅಂದೆ. ಕುಪ್ಪಳಿಸಿದವನು ಮೇಜು ಹಿಡಿದುಕೊಂಡ. ಕಣ್ಣಲ್ಲಿ ನೀರು.

ಅದಕ್ಕೂ ಮೊದಲೇ ಒಂದು ಕಡೆ ಎಕ್ಸ್‌ರೇ ಮಾಡಿಸಿದ್ದರು. "ಎಲುಬಿಗೆ ಏನೂ ಆಗಿಲ್ಲ, ಓಡು" ಅಂದಿದ್ದರಂತೆ. ಆದರೆ ಇಂಥ ಕೂದಲೆಳೆ ಬಿರುಕು ಮೊದಲ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಕಾಣದೇ ಇರಬಹುದು. ಮೂರು ವಾರ ಬಿಟ್ಟು ಮತ್ತೆ ತೆಗೆಸಿದೆವು. ಬಿಳಿ ಎಲುಬಿನ ಅಂಚಿನಲ್ಲಿ ಒಂದು ಗೆರೆ, ಅದರ ಸುತ್ತ ಮಸುಕಾಗಿ ಹೊಸ ಎಲುಬು.

ಅವನು ಬಿದ್ದಿರಲಿಲ್ಲ, ಯಾರೂ ಹೊಡೆದಿರಲಿಲ್ಲ. ಹಾಗಾದರೆ ಎಲುಬು ಯಾಕೆ ಬಿರಿಯಿತು? ಅವನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ನಮ್ಮ ಎಲುಬು ಸದಾ ರಿಪೇರಿ ಆಗುತ್ತಲೇ ಇರುತ್ತದೆ, ರಸ್ತೆ ರಿಪೇರಿ ಹಾಗೆ. ಭಾರ ಬಿದ್ದ ಕಡೆ ದೇಹ ಮೊದಲು ಹಳೆಯದನ್ನು ಅಗೆದು ತೆಗೆಯುತ್ತದೆ. ಆಮೇಲೆ ಹೊಸದನ್ನು ತುಂಬುತ್ತದೆ. ಅಗೆಯುವ ಕೆಲಸ ಕೆಲವೇ ವಾರಗಳಲ್ಲಿ ಮುಗಿಯುತ್ತದೆ, ತುಂಬಲು ತಿಂಗಳುಗಳೇ ಬೇಕು. ಅಗೆದು ಬಿಟ್ಟ ರಸ್ತೆ ಮೇಲೆ ಬೆಳಿಗ್ಗೆ ಒಂದು ಲಾರಿ, ಸಂಜೆ ಒಂದು ಲಾರಿ ಓಡಿಸಿದರೆ ಏನಾಗುತ್ತದೆ? ಅವನ ಕಾಲಿಗೆ ಆಗಿದ್ದು ಅದೇ.

ಎಂಟು ವಾರ ಓಟ ನಿಲ್ಲಿಸಿದೆವು. ಹುಡುಗ ಅತ್ತುಬಿಟ್ಟ. ದೈಹಿಕ ಪರೀಕ್ಷೆಗೆ ಐದು ತಿಂಗಳಿತ್ತು. "ಮೇಡಂ, ಬಾಕಿ ಹುಡುಗರು ಓಡ್ತಾ ಇರ್ತಾರೆ" ಅಂದ. ಸೈಕಲ್ ತುಳಿಸಿದೆ, ಹೊಟ್ಟೆ ತೊಡೆ ಗಟ್ಟಿ ಮಾಡಿಸಿದೆ. ಮೂರನೇ ತಿಂಗಳಿಂದ ದಿನ ಬಿಟ್ಟು ದಿನ ಬೆಳಿಗ್ಗೆ ಮಣ್ಣಿನ ಮೈದಾನದಲ್ಲಿ ಓಟ. ಸಂಜೆ ಸುಮ್ನೆ ನಡಿಗೆ. ಒಂದು ಹೊತ್ತು ಜೋರು, ಇನ್ನೊಂದು ಹೊತ್ತು ಹಗುರ. ಅವನು ಮಾಡುತ್ತಿದ್ದುದರ ಅರ್ಧಕ್ಕಿಂತ ಕಡಿಮೆ. ಪರೀಕ್ಷೆ ದಿನ ಸಂಜೆ ಫೋನ್ ಬಂತು. ಆರು ನಿಮಿಷ ಹನ್ನೆರಡು ಸೆಕೆಂಡ್! ಅವನ ತಾಯಿ ಫೋನ್ ಕಸಿದುಕೊಂಡು ಏನೇನೋ ಹೇಳಿದರು. ಅರ್ಧ ನನಗೆ ಕೇಳಿಸಲಿಲ್ಲ, ಅಷ್ಟು ಗದ್ದಲ.

ಕೆಲವರು ವಾದ ಮಾಡುತ್ತಾರೆ: "ಗರಡಿ ಪೈಲ್ವಾನರು ಎರಡೂ ಹೊತ್ತು ಸಾಮು ಮಾಡ್ತಿದ್ರಲ್ವಾ?" ಮಾಡುತ್ತಿದ್ದರು. ನಡುವೆ ಏನು ಮಾಡುತ್ತಿದ್ದರು ಅಂತ ಯಾರೂ ಕೇಳುವುದಿಲ್ಲ! ಹಾಲು, ತುಪ್ಪ, ಬಾದಾಮಿ, ಮೈಗೆ ಎಣ್ಣೆ ತಿಕ್ಕಿಸಿಕೊಳ್ಳುವುದು, ಮಧ್ಯಾಹ್ನ ಗಡದ್ದಾಗಿ ನಿದ್ದೆ. ನೀವು ಬೆಳಿಗ್ಗೆ ಜಿಮ್, ಆಮೇಲೆ ಒಂಬತ್ತು ಗಂಟೆ ಆಫೀಸು, ಸಂಜೆ ಮತ್ತೆ ಜಿಮ್, ರಾತ್ರಿ ಐದು ತಾಸು ನಿದ್ದೆ. ಅದು ಹೇಗೆ ಪೈಲ್ವಾನರ ಪದ್ಧತಿ ಆಗುತ್ತದೆ? ಆಯುರ್ವೇದದವರಂತೂ ಶಕ್ತಿಯ ಅರ್ಧದಷ್ಟೇ ವ್ಯಾಯಾಮ ಮಾಡಿ ಅಂತ ಹೇಳಿದ್ದಾರೆ. ಅದೂ ತುಪ್ಪ ತಿನ್ನುವ ಗಟ್ಟಿ ಆಳುಗಳಿಗೆ.

ಸಮಯ ಆಗುತ್ತಾ ಬಂತು, ಉಳಿದದ್ದನ್ನು ಬೇಗ ಹೇಳುತ್ತೇನೆ.

ಸಕ್ಕರೆ ಕಾಯಿಲೆ ಇರುವವರು ಇದನ್ನು ಗಮನವಿಟ್ಟು ಕೇಳಿ. ನಿಮಗೆ ದಿನಕ್ಕೆ ಎರಡಲ್ಲ, ಮೂರು ಸಲ ಒಳ್ಳೆಯದು. ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದವರ ಒಂದು ಅಧ್ಯಯನ 2016ರಲ್ಲಿ ಬಂತು. ದಿನಕ್ಕೊಮ್ಮೆ ಅರ್ಧ ಗಂಟೆ ನಡೆಯುವುದು ಒಂದು ಕಡೆ, ಪ್ರತಿ ಊಟದ ನಂತರ ಹತ್ತು ಹತ್ತು ನಿಮಿಷ ನಡೆಯುವುದು ಇನ್ನೊಂದು ಕಡೆ. ಊಟದ ನಂತರ ನಡೆದಾಗ, ಉಂಡ ಮೇಲೆ ಏರುವ ಸಕ್ಕರೆ ಸರಾಸರಿ ಶೇಕಡಾ 12ರಷ್ಟು ಕಡಿಮೆ ಇತ್ತು. ರಾತ್ರಿ ಊಟಕ್ಕಂತೂ ಶೇಕಡಾ 22. ನಡೆಯುವಾಗ ಕಾಲಿನ ಸ್ನಾಯು ರಕ್ತದ ಸಕ್ಕರೆಯನ್ನು ಎಳೆದುಕೊಂಡು ಉರಿಸುತ್ತದೆ, ಅದಕ್ಕೇ. ನೋಡಿ, ಮೂರೂ ಸಲ ಹಗುರ ನಡಿಗೆಯೇ.

ವಾರಕ್ಕೆ ಎಷ್ಟು ಬೇಕು? ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು, ಸಾಧಾರಣ ವೇಗದ್ದಾದರೆ 150ರಿಂದ 300 ನಿಮಿಷ. ತುಂಡು ತುಂಡಾಗಿ ಮಾಡಿದರೂ ಲೆಕ್ಕಕ್ಕೆ ಬರುತ್ತದೆ. ಮೆಟ್ಟಿಲು ಹತ್ತಿದ್ದೂ ಸೇರಿತು.

ಜಾಸ್ತಿ ಆಯಿತೋ ಇಲ್ಲವೋ ಅಂತ ತಿಳಿಯಲು ಖರ್ಚಿಲ್ಲದ ದಾರಿ ಇದೆ. ಬೆಳಿಗ್ಗೆ ಎಚ್ಚರ ಆದ ಕೂಡಲೇ, ಹಾಸಿಗೆಯಲ್ಲೇ, ಹೆಬ್ಬೆರಳಿನ ಬುಡದ ಕೆಳಗೆ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಒಂದು ನಿಮಿಷ ನಾಡಿ ಎಣಿಸಿ. ಕ್ಯಾಲೆಂಡರ್ ಮೇಲೆ ಬರೆದಿಡಿ. ದಿನಾ 64 ಇರುವುದು ಒಂದು ದಿನ 74 ಆದರೆ, ಅವತ್ತು ಜೋರು ಬೇಡ. ಎರಡೂ ಹೊತ್ತು ಹಗುರ. ಇನ್ನು, ತುಂಬಾ ಜೋರು ಮಾಡಿದ ಮೇಲೆ ಮೂತ್ರ ಕೋಕಾಕೋಲಾ ಬಣ್ಣಕ್ಕೆ ತಿರುಗಿದರೆ ಎಳನೀರು ಕುಡಿದು ಕೂರಬೇಡಿ. ಸ್ನಾಯು ಒಡೆದು ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತಿದೆ ಅಂತ ಅರ್ಥ. ಆಗಿಂದಾಗಲೇ ಆಸ್ಪತ್ರೆಗೆ ಹೋಗಿ.

ನಾಳೆ ಬೆಳಿಗ್ಗೆಯೇ ನಾಡಿ ಎಣಿಸಲು ಶುರು ಮಾಡಿ. ಪೆನ್ನು, ಕ್ಯಾಲೆಂಡರ್ ಇವತ್ತೇ ತಲೆದಿಂಬಿನ ಹತ್ತಿರ ಇಟ್ಟುಕೊಳ್ಳಿ. ನಮಸ್ಕಾರ.